ಶಾಂತಿ ಕೋರುವ ಹೊತ್ತು

ಚರ್ಚಿನ ಭಾನುವಾರದ ಪೂಜೆಯಲ್ಲಿ ಪಾದ್ರಿ ಸ್ವಾಮಿಗಳು “ಒಬ್ಬರಿಗೊಬ್ಬರು ಶಾಂತಿ ಕೋರಿರಿ” ಎಂದಾಗ ಡಾಕ್ಟರ್ ಚೌರಪ್ಪನವರಿಗೆ ಊರಿನವರು ಅಳುಕುತ್ತಲೇ ಕೈ ನೀಡುತ್ತಿದ್ದರು. ಜನ್ಮವಿಡೀ ನಾಡಿ ನೋಡಿದ ಬೆರಳುಗಳು ಅಲ್ಲೂ ತಾವಾಗಿ ಮಣಿಕಟ್ಟಿಗೆ ಜಾರುತ್ತಿದ್ದವು. ಅವರು ಯಾರ ಕೈಯನ್ನು ತುಸು ಹೆಚ್ಚು ಹೊತ್ತು ಹಿಡಿದರೋ ಅಂಥವರು ಮುಂದಿನ ಕ್ರಿಸ್‌ಮಸ್ ಕಂಡದ್ದು ಕಡಿಮೆ.

ಮನೆಗೆ ಬರುವಾಗ ಹೆಂಡತಿ ರೆಜಿನಮ್ಮ ಮೆಲ್ಲಗೆ “ಇವತ್ತು ಯಾರು?” ಎನ್ನುತ್ತಿದ್ದಳು. ಅವರು ಹೇಳಿದ ಹೆಸರಿಗೆ ಅಂದು ಸಂಜೆಯೇ ಒಂದು ಮೇಣದಬತ್ತಿ ಹಚ್ಚುತ್ತಿದ್ದಳು.

ಈ ಭಾನುವಾರ ಡಾಕ್ಟರು ಎಲ್ಲರ ಕೈಯನ್ನೂ ಮುಟ್ಟಿದಂತೆ ಮಾಡಿ ಬಿಟ್ಟರು. ಕೊನೆಗೆ ಹೆಂಡತಿಯ ಕೈ ಹಿಡಿದರು. ಮದುವೆಯ ದಿನ ಬಿಟ್ಟರೆ ನಾಲ್ಕು ಜನರೆದುರು ಹಾಗೆ ಹಿಡಿದವರಲ್ಲ. ಪರಮಪ್ರಸಾದ ತೆಗೆದುಕೊಂಡು ಬಂದು ಮತ್ತೆ ಹಿಡಿದರು. ಪೂಜೆ ಮುಗಿದು ಹೊರಗೆ ಬಂದರೂ ಬಿಡಲಿಲ್ಲ.

“ಬಿಡ್ರೀ, ಜನ ನೋಡ್ತಾರೆ.”

“ನೋಡ್ಲಿ ಬಿಡು.”

ಆಕೆಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು. ಗೇಟು ದಾಟಿದ ಮೇಲೆ ರೂಢಿಯಂತೆ ದನಿ ತಗ್ಗಿಸಿದಳು.

“ಇವತ್ತು ಯಾರೂ ಇಲ್ಲ ತಾನೆ?”

ಡಾಕ್ಟರು ಆಕೆಯ ಮಣಿಕಟ್ಟಿನ ಮೇಲಿದ್ದ ಬೆರಳುಗಳನ್ನು ಇನ್ನೂ ತೆಗೆದಿರಲಿಲ್ಲ.