ಕ್ರಿಮಿಯ ಎಂಜಲು

“ಎಂಜಲಾ?” ಎನ್ನುತ್ತಾ ಶಾಂತಕುಮಾರಿಯವರು ಸ್ಟೂಲಿನ ಮೇಲೆ ಚಾಚಿದ್ದ ಕಾಲನ್ನು ಸರಕ್ಕನೆ ಎಳೆದುಕೊಂಡರು.

ಶ್ರೀಹರಿ ನಾಲಿಗೆ ಕಚ್ಚಿಕೊಂಡ. ತಪ್ಪು ಅವನದೇ. ಹಲಸೂರಿನ ಆ ಆಸ್ಪತ್ರೆಯ ಡಾಕ್ಟರ್ ಸಿದ್ರಾ, “ಅವರಿಗೆ ಅರ್ಥ ಆಗೋ ಹಾಗೆ ಹೇಳಿ ಸರ್, ನಿಮ್ಮ ರಿಸರ್ಚ್ ಪೇಪರ್ ಓದ್ಬೇಡಿ” ಎಂದು ಬಾಗಿಲಲ್ಲೇ ಎಚ್ಚರಿಸಿದ್ದಳು. ಸೆಲ್ಯುಲೋಸ್ ಎಂದರೆ ಹತ್ತಿಯಲ್ಲಿರುವ ಪದಾರ್ಥವೇ, ಅದನ್ನು ಗಿಡದ ಬದಲು ಒಂದು ಸೂಕ್ಷ್ಮಜೀವಿಯ ಕೈಲಿ ಮಾಡಿಸುತ್ತೇವೆ ಎಂದು ಹೇಳಿ ಸುಮ್ಮನಾಗಬಹುದಿತ್ತು. ಸರಳ ಮಾಡುವ ಹುಮ್ಮಸ್ಸಿನಲ್ಲಿ ಅವನು, “ಕ್ರಿಮಿ ಎಳನೀರು ಕುಡಿಯುತ್ತೆ ಅಮ್ಮ, ಕುಡಿದು ನೂಲು ಉಗುಳುತ್ತೆ. ಆ ನೂಲೇ ಹೆಣ್ಕೊಂಡು ಹಾಲಿನ ಕೆನೆ ಥರ ಕಟ್ಟುತ್ತೆ. ಅದನ್ನೇ ನಿಮ್ಮ ಗಾಯದ ಮೇಲೆ ಹಾಕೋದು” ಎಂದುಬಿಟ್ಟಿದ್ದ.

ಶಾಂತಕುಮಾರಿಯವರಿಗೆ ಸಕ್ಕರೆ ಕಾಯಿಲೆ. ಹೆಬ್ಬೆರಳಿನ ಬುಡದ ಹುಣ್ಣು ಯುಗಾದಿಯಿಂದ ಮಾಯದೆ ಕೂತಿತ್ತು. ಪ್ರತಿ ಸಲ ಪಟ್ಟಿ ಬಿಚ್ಚುವಾಗಲೂ ಆಗಷ್ಟೇ ಹುಟ್ಟಿದ ಎಳೆ ಚರ್ಮ ಬಟ್ಟೆಗೆ ಅಂಟಿಕೊಂಡು ಕಿತ್ತು ಬರುತ್ತಿತ್ತು. ಹೀಗೇ ಮುಂದುವರಿದರೆ ಬೆರಳನ್ನು ತೆಗೆಯಬೇಕಾಗುತ್ತದೆ ಎಂದು ಸಿದ್ರಾ ಹೇಳಿಯೂ ಆಗಿತ್ತು. ಶ್ರೀಹರಿ ಲ್ಯಾಬಿನಲ್ಲಿ ಬೆಳೆಸಿದ ಈ ಕೆನೆಯಂಥ ಪೊರೆ ಸದಾ ತೇವವಾಗಿರುತ್ತದೆ, ಗಾಯಕ್ಕೆ ಅಂಟುವುದಿಲ್ಲ. ಅದನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಅನುಮತಿ ಸಿಕ್ಕಿದ ಮೇಲೆ ಮೊದಲು ಮುಂದೆ ಬಂದವರೇ ಇವರು. ಈಗ ಒಂದು ಮಾತಿಗೆ ಎದ್ದು ಹೋಗುವ ಹಾಗೆ ಕಾಣುತ್ತಿದ್ದರು.

ಶ್ರೀಹರಿಗೆ ತನ್ನ ಅವಸ್ಥೆ ಕಂಡು ತನಗೇ ನಗು ಬಂತು. ಗಾಯ ಮಾಯಿಸುವ ವಿಷಯದಲ್ಲಿ ಡಾಕ್ಟರೇಟ್ ಪಡೆದಿದ್ದರೂ ಇಷ್ಟು ವರ್ಷದಲ್ಲಿ ಅವನು ಒಬ್ಬ ಮನುಷ್ಯನ ಗೀರನ್ನೂ ಮಾಯಿಸಿರಲಿಲ್ಲ. ಅವನ ಪ್ರಬಂಧದ ಹೆಸರನ್ನು ಹೇಳಿ ಮುಗಿಸುವಷ್ಟರಲ್ಲಿ ಗಾಯ ತಾನಾಗಿಯೇ ಮಾಯುತ್ತದೆ ಎಂದು ಗೆಳೆಯರು ಆಡಿಕೊಳ್ಳುತ್ತಿದ್ದರು; ಅವನೂ ಜೊತೆಗೆ ಸೇರಿಕೊಂಡು ನಗುತ್ತಿದ್ದ. ಲ್ಯಾಬಿನಲ್ಲಿ ಬ್ಲೇಡಿನಿಂದ ಬೆರಳು ಕೊಯ್ದುಕೊಂಡಾಗ ಲಿಂಗರಾಜಪುರದ ಮನೆಗೆ ಓಡಿ, ಅಮ್ಮನ ಕೈಲಿ ಅರಿಶಿನ ಒತ್ತಿಸಿಕೊಂಡಿದ್ದ. ಗಾಯ ಕಂಡರೆ ಅವನಿಗೆ ತಲೆ ಸುತ್ತುತ್ತದೆ ಎಂಬುದು ಸಿದ್ರಾಗೂ ಗೊತ್ತಿರಲಿಲ್ಲ. ಅದಕ್ಕೇ ಬಂದಾಗಿನಿಂದ ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ಮಾತಾಡುತ್ತಿದ್ದ.

“ಚೆನ್ನಾಗಿ ಕುದಿಸಿ ತೊಳೆದಿರ್ತೀವಿ ಅಮ್ಮ. ಒಂದು ಕ್ರಿಮಿನೂ ಉಳಿದಿರಲ್ಲ.”

“ಎಂಜಲು ಅನ್ನಾನ ಕುದಿಸಿಬಿಟ್ರೆ ನೈವೇದ್ಯಕ್ಕೆ ಇಡಬಹುದೇನ್ರೀ?”

“ಜೇನುತುಪ್ಪನೂ ಎಂಜಲೇ ಅಲ್ವಾ ಅಮ್ಮ? ಅದರಲ್ಲಿ ಅಭಿಷೇಕನೇ ಮಾಡ್ತೀವಲ್ಲ?”

“ಜೇನಿಗೆ ದೇವರು ಒಪ್ಪಿದಾನೆ. ನಿಮ್ಮ ಕ್ರಿಮಿಗೆ ಯಾರು ಒಪ್ಪಿದಾರೆ?”

“ಎಥಿಕ್ಸ್ ಕಮಿಟಿ” ಎಂದ ಶ್ರೀಹರಿ. ಸಿದ್ರಾ ಮುಖ ಆಚೆ ತಿರುಗಿಸಿಕೊಂಡು ನಗು ತಡೆದುಕೊಂಡಳು.

ಶಾಂತಕುಮಾರಿಯವರು ನಗಲಿಲ್ಲ. ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಕೂತು ರಿಟೈರ್ ಆದವರು. ಎದುರಿಗಿದ್ದವರ ಮಾತು ಎಲ್ಲಿ ಪೊಳ್ಳು ಎಂದು ತಟ್ಟಿ ನೋಡುವುದು ಅವರಿಗೆ ರೂಢಿ. ಎಂಜಲಿನ ಮಾತನ್ನು ಅಲ್ಲಿಗೇ ಬಿಟ್ಟರು.

“ಇದುವರೆಗೆ ಯಾರಿಗೆ ವಾಸಿ ಆಗಿದೆ, ಹೇಳಿ?”

“ಇಲಿಗಳಿಗೆ!” ಶ್ರೀಹರಿಯ ದನಿಗೆ ಈಗ ಜೀವ ಬಂತು. “ಎಷ್ಟು ಚೆನ್ನಾಗಿ ವಾಸಿ ಆಯ್ತು ಅಂದ್ರೆ, ಕಲೆನೂ ಉಳೀಲಿಲ್ಲ ಅಮ್ಮ.”

“ಈಗ ಹೇಗಿದಾವೆ?”

“ಯಾರು?”

“ಇಲಿಗಳು ಕಣ್ರೀ.”

ಪೇಪರಿನಲ್ಲಿ ಇದಕ್ಕೆ ‘ಸ್ಯಾಕ್ರಿಫೈಸ್’ ಎಂಬ ಗಂಭೀರವಾದ ಪದವಿತ್ತು. ಇಲಿಗಳೇ ಸಾಲಾಗಿ ಮುಂದೆ ಬಂದು ವಿಜ್ಞಾನಕ್ಕಾಗಿ ಪ್ರಾಣತ್ಯಾಗ ಮಾಡಿದವು ಎಂಬ ಹಾಗೆ ಓದಿಸಿಕೊಳ್ಳುತ್ತಿತ್ತು. ಕನ್ನಡದಲ್ಲಿ ಅಷ್ಟು ಸಭ್ಯವಾದ ಮಾತು ಅವನಿಗೆ ಹೊಳೆಯಲಿಲ್ಲ. ‘ಚೆನ್ನಾಗಿದಾವೆ’ ಎಂದುಬಿಟ್ಟರೆ ಆಯಿತು, ಕಾಲು ಮತ್ತೆ ಸ್ಟೂಲಿಗೆ ಬರುತ್ತದೆ, ಬೆರಳು ಉಳಿದರೂ ಉಳಿಯಬಹುದು. ಸಿದ್ರಾಳ ಕಡೆ ನೋಡಿದ. ಅವಳು ಕೈಗೆ ಗ್ಲೌಸ್ ಏರಿಸುವುದರಲ್ಲೇ ಮಗ್ನಳಾಗಿದ್ದಳು. ಬೇರೆ ದಾರಿ ಕಾಣದೆ ಅವನು ಕ್ಯಾಲೆಂಡರ್ ಬಿಟ್ಟು, ಕುರ್ಚಿಯ ಕೆಳಗೆ ಅಡಗಿದ್ದ, ಪಟ್ಟಿ ಬಿಚ್ಚಿದ ಆ ಕಾಲನ್ನು ನೋಡಿದ. ಹುಣ್ಣು ಅವನು ಅಂದುಕೊಂಡಿದ್ದಕ್ಕಿಂತ ದೊಡ್ಡದಿತ್ತು. ಈ ಹೆಂಗಸಿಗೆ ಸುಳ್ಳು ಹೇಳಬಾರದು ಎನಿಸಿತು.

“ಇಲ್ಲ ಅಮ್ಮ. ವಾಸಿ ಆದ್ಮೇಲೆ, ಒಳಗಡೆ ಚರ್ಮ ಹೇಗೆ ಬೆಳೆದಿದೆ ಅಂತ ನೋಡ್ಬೇಕಿತ್ತು. ಅದಕ್ಕೇ...”

“ಕೊಂದ್ರಿ.”

“ಹೂಂ.”

ಶಾಂತಕುಮಾರಿಯವರು ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದರು. ತನ್ನ ಇಷ್ಟು ವರ್ಷಗಳ ಕೆಲಸ ಕುಂಟುತ್ತಾ ಬಾಗಿಲು ದಾಟಿ, ಇಂದಿರಾನಗರದ ಮೆಟ್ರೋ ಹತ್ತಿ ಹೋಗುವುದನ್ನು ನೋಡಲು ಶ್ರೀಹರಿ ಮನಸ್ಸು ಗಟ್ಟಿ ಮಾಡಿಕೊಂಡ. ಅವರು ಸೀರೆಯ ಅಂಚನ್ನು ಎತ್ತಿ ಹಿಡಿದು, ಕಾಲನ್ನು ಮೆಲ್ಲಗೆ ಸ್ಟೂಲಿನ ಮೇಲೆ ಇಟ್ಟರು.

“ಹಾಕಿ. ಆದ್ರೆ ವಾಸಿ ಆದ್ಮೇಲೆ ಮಾತ್ರ ನನ್ನನ್ನ ಹುಡುಕ್ಕೊಂಡು ಬರ್ಬೇಡಿ.”