ಅಡವಿನ ಕೂಸು

ಸಾಲಕ್ಕೆ ಒಡೆಯ ಅಡವಿಟ್ಟದ್ದು ತನ್ನ ಆಳು ದೂಮುವನ್ನು. ಸಾಲ ತೀರಿಸಿ ಬಿಡಿಸಿಕೊಳ್ಳಲು ಹೋದಾಗ ತಕರಾರು ಎದ್ದಿತು: ಅಡವಿನಲ್ಲಿದ್ದಾಗ ಅವಳು ಹೆತ್ತ ಕೂಸು ಯಾರಿಗೆ?

"ನನ್ನ ಕೊಟ್ಟಿಗೆಯಲ್ಲಿ ಹುಟ್ಟಿದ್ದು, ನನಗೇ" ಎಂದ ಸಾಹುಕಾರ.

"ಆಳು ನನ್ನದು, ಕೂಸೂ ನನ್ನದೇ" ಎಂದ ಒಡೆಯ.

ತೀರ್ಪು ಹೇಳಬೇಕಾದ ಅಮಲ್ದಾರರು ಅಂಗಳದಲ್ಲಿ ನಿಂತಿದ್ದ ದೂಮುವಿನತ್ತ ತಿರುಗಿದರು. "ಕೂಸೆಲ್ಲಿ?"

"ಸತ್ತುಹೋಯ್ತು ಧಣೀ. ಹೋದ ಮಳೆಗಾಲದಲ್ಲೇ."

"ಸುಳ್ಳು! ಎಲ್ಲೋ ಅಡಗಿಸಿದ್ದಾಳೆ. ದೀಪ ಆರಿಸಿ ಆಣೆ ಹಾಕಲಿ!" ಅದೊಂದಕ್ಕೆ ಮಾತ್ರ ಇಬ್ಬರೂ ಒಂದಾದರು.

ದೀಪ ಬಂತು. ಸುಳ್ಳಾಣೆ ಹಾಕಿ ದೀಪ ಆರಿಸಿದವರ ಮಕ್ಕಳು ಉಳಿಯುವುದಿಲ್ಲವೆಂದು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಅಷ್ಟರಲ್ಲಿ ಬೇಲಿಯಾಚೆ ಯಾವುದೋ ಕೂಸು ಅಳತೊಡಗಿತು. ಅವಳು ತಿರುಗಿ ನೋಡಲಿಲ್ಲ. ಉರಿಯುವ ಬತ್ತಿಯನ್ನು ಬೆರಳಲ್ಲೇ ಹೊಸಕಿದಳು.

ಇಬ್ಬರೂ ಗೊಣಗುತ್ತ ಹೊರಗೆ ನಡೆದರು. ಹಿಂದೆಯೇ ಹೊರಟವಳನ್ನು ಅಮಲ್ದಾರರು ತಡೆದರು.

"ನಿಲ್ಲು."

ಅವಳು ತಿರುಗದೆ ನಿಂತಳು.

"ಸೆರಗು ಸರಿಯಾಗಿ ಹೊದ್ದುಕೊಂಡು ಹೋಗು," ಎಂದರು ಮೆಲ್ಲಗೆ. "ಎದೆಹಾಲಿಗೆ ಸೀರೆ ನೆನೆದಿದೆ."