ವಿಳಾಸ ಕೊಡದವಳು

ಬೀದಿ ವ್ಯಾಪಾರಿಗಳಿಗೆ ಗುರುತಿನ ಚೀಟಿ ಕೊಡುವ ನಗರಸಭೆಯ ಕೋಣೆಗೆ ಅವನು ಹಾಡಹಗಲೇ ನುಗ್ಗಿ ಒಳಗಿನಿಂದ ಚಿಲಕ ಹಾಕಿದ. ಕೈಯಲ್ಲಿ ಮಚ್ಚಿತ್ತು. ಅದನ್ನು ಕಂಡ ಮ್ಯಾನೇಜರ್ ಎದ್ದು ಮೂಲೆ ಸೇರಿದರು. ಗುಮಾಸ್ತೆ ಕಸ್ತೂರಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

"ನನ್ನ ಹೆಂಡ್ತಿ ಈ ಊರಾಗ ರೊಟ್ಟಿ ಮಾರ್ತಾಳಂತ. ಎಲ್ಲಿ ಮನಿ ಮಾಡ್ಯಾಳ, ಹೇಳು."

ಅವನು ಹೆಂಡತಿಯ ಹೆಸರು ಹೇಳುತ್ತಲೇ ಕಸ್ತೂರಿಗೆ ಆ ಹೆಂಗಸಿನ ಮುಖ ನೆನಪಾಯಿತು. ಎರಡು ತಿಂಗಳ ಹಿಂದೆ ಅರ್ಜಿ ತುಂಬಲು ಬಂದಾಗ ಅವಳ ಕತ್ತಿನ ಮೇಲಿನ ಸುಟ್ಟ ಗಾಯ ಇನ್ನೂ ಮಾಗಿರಲಿಲ್ಲ. ವಿಳಾಸ ಬರೆಯುವ ಮುಂಚೆ ಮೂರು ಸಲ ಕೇಳಿದ್ದಳು: "ಇದು ಯಾರಿಗೂ ಗೊತ್ತಾಗಂಗಿಲ್ಲಲ್ರಿ ಅಕ್ಕಾರ?" ಇಲ್ಲವೆಂದು ಕಸ್ತೂರಿ ಮಾತು ಕೊಟ್ಟಿದ್ದಳು.

"ಒಬ್ಬರ ವಿಳಾಸ ಇನ್ನೊಬ್ಬರಿಗೆ ಕೊಡಾಕ ಬರಂಗಿಲ್ಲ. ಕಾಯ್ದೆ ಐತಿ," ಎಂದಳು.

ಅವನು ಅವಳ ಎಡಗೈಯನ್ನು ಮೇಜಿಗೆ ಒತ್ತಿ ಹಿಡಿದು ಮಚ್ಚು ಬೀಸಿದ. ಎರಡು ಬೆರಳು ತುಂಡಾಗಿ ಅರ್ಜಿಗಳ ಮೇಲೆ ಬಿದ್ದವು. ಹೊರಗಿನಿಂದ ಜನ ಬಾಗಿಲು ಬಡಿಯತೊಡಗಿದರು.

"ಈಗ ಹೇಳ್ತಿಯೇನು?"

ಕಸ್ತೂರಿ ಹಲ್ಲು ಕಚ್ಚಿ, ಇಲ್ಲವೆಂದು ತಲೆಯಾಡಿಸಿದಳು.

"ಕುತಿಗಿಗೇ ಹಾಕ್ತೀನಿ."

"ಹಾಕು."

ಮಚ್ಚು ಮತ್ತೆ ಮೇಲೆದ್ದಿತು. ಮ್ಯಾನೇಜರ್ ಮೂಲೆಯಿಂದಲೇ ಕೈಮುಗಿದರು.

"ಆಕೀನ ಬಿಟ್ಟುಬಿಡಪಾ. ಹೊಸ ನಿಯಮ ಬಂದೈತಿ. ಎಲ್ಲಾ ವ್ಯಾಪಾರಿಗಳ ಹೆಸರು, ಮನಿ ವಿಳಾಸ ನಿನ್ನೆನ ನಗರಸಭೆ ವೆಬ್‌ಸೈಟಿಗೆ ಹಾಕೇವಿ. ನಿನ್ನ ಮೊಬೈಲಿನಾಗ ನೋಡ್ಕೋ."